ರಾಣಿ ವೇಷಕ್ಕೆ ಬಿಳಿ ಬಣ್ಣ ಯಾಕೆ ಬೇಕು?

ಮೊಳಕಾಲ್ಮೂರಿನ ಮಗ್ಗದ ಕೇರಿಯಲ್ಲಿ ಸಿದ್ದಕ್ಕನ ಮುಖ ಊದಿಕೊಂಡ ದಿನ, ನೋಡೋಕೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಒಬ್ಬರು ನಿಂಬೆಹಣ್ಣು ತಿಕ್ಕು ಅಂದರು. ಇನ್ನೊಬ್ಬರು ಅರಿಶಿನ ಮೆತ್ತು ಅಂದರು. ಎದುರುಮನೆಯಾಕೆ ಅಂತೂ ಹಲ್ಲುಜ್ಜೋ ಪೇಸ್ಟ್ ಹಚ್ಚಿದರೆ ತಣ್ಣಗಾಗುತ್ತೆ ಅಂತ ಟ್ಯೂಬನ್ನೇ ತಂದು ಕೈಗಿಟ್ಟಳು.

"ಉರಿಯೋ ಮುಖಕ್ಕೆ ಇನ್ನೇನೇನು ಬಳೀತೀರಾ? ಸುಮ್ನೆ ಬಿಟ್ಟುಬಿಡ್ರಮ್ಮ ನನ್ನ" ಅಂತ ಸಿದ್ದಕ್ಕ ಗೋಡೆ ಕಡೆ ತಿರುಗಿ ಕೂತಳು.

ಇಷ್ಟಕ್ಕೆಲ್ಲ ಕಾರಣ ಒಂದು ನಾಟಕ. ಅವರ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಹೆಂಗಸರೇ ಸೇರಿ ನಾಟಕ ಆಡೋದು ಅಂತ ತೀರ್ಮಾನವಾಗಿತ್ತು. ಹೆಣ್ಣುಮಕ್ಕಳ ಓದಿಗೆ ಅಡ್ಡ ಬಂದ ಮಂತ್ರಿಯನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳೋ ರಾಣಿಯ ಪಾತ್ರ ಸಿದ್ದಕ್ಕನಿಗೆ ಸಿಕ್ಕಿತು. ಅವಳ ಗಂಟಲು ಅಂಥದ್ದು. ಮಗ್ಗದ ಸದ್ದಿನ ನಡುವೆ ಕೂತು ಕೂಗಿದರೂ ಬೀದಿ ಕೊನೆಗೆ ಕೇಳಿಸುತ್ತೆ. ಮಾತುಗಳನ್ನೆಲ್ಲ ಸೀರೆ ನೇಯುತ್ತಲೇ ಬಾಯಿಪಾಠ ಮಾಡಿಕೊಂಡಿದ್ದಳು.

ನಾಟಕ ಕಲಿಸೋರು ಬೊಮ್ಮಲಿಂಗಪ್ಪ ಮೇಷ್ಟ್ರು. ಬಣ್ಣ ಹಚ್ಚೋರೂ ಅವರೇ. ಮಂತ್ರಿಯಾಗೋಕೆ ಹೆಂಗಸರು ಯಾರೂ ಒಪ್ಪದೆ ಆ ಪಾತ್ರವೂ ಅವರಿಗೇ ಬಂದಿತ್ತು. ಒಂದು ಸಂಜೆ, ಬಣ್ಣ ಹೇಗೆ ಕಾಣುತ್ತೆ ನೋಡೋಣ ಅಂತ ಹಳೇ ತಗಡಿನ ಡಬ್ಬಿ ತೆಗೆದರು. ಸಫೇದ ಅನ್ನೋ ಬಿಳೀ ಪುಡಿಯನ್ನು ಅರ್ದಳ ಅನ್ನೋ ಹಳದಿ ಪುಡಿಯ ಜೊತೆ ಎಣ್ಣೆಯಲ್ಲಿ ಕಲಸಿದರು.

"ಮೇಷ್ಟ್ರೇ, ನನ್ನ ಚರ್ಮ ಸರಿ ಇಲ್ಲ. ಸ್ಟಿಕರ್ ಬೊಟ್ಟಿನ ಅಂಟಿಗೇ ಗಾಯ ಆಗ್ತೈತೆ. ಕೂದಲಿಗೆ ಬಣ್ಣ ಹಾಕಿ ಒಂದ್ಸಲ ಹಣೆಯೆಲ್ಲ ಬೊಬ್ಬೆ ಎದ್ದಿತ್ತು" ಅಂತ ಸಿದ್ದಕ್ಕ ಮೊದಲೇ ಹೇಳಿದಳು.

"ಅದೆಲ್ಲ ಮನಸಿನ ಭ್ರಮೆ ಕಣಮ್ಮ. ನಿನ್ನ ಬಣ್ಣ ಕಪ್ಪು. ನಿನಗೆ ಒಂದು ಕೋಟು ಸಾಲಲ್ಲ, ಎರಡು ಹಾಕ್ತೀನಿ" ಅಂದರು ಮೇಷ್ಟ್ರು.

ಮನೆ ಸೇರೋ ಹೊತ್ತಿಗೆ ಕೆನ್ನೆ ಉರಿಯೋಕೆ ಶುರುವಾಯಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಬಿಡಿಸೋಕಾಗಲಿಲ್ಲ.

ಸುದ್ದಿ ಕೇಳಿ ಮೇಷ್ಟ್ರು ಬಂದರು. ಬಗ್ಗಿ ನೋಡಿದರು. "ಎಲ್ಲೈತಮ್ಮ? ಒಂಚೂರೂ ಕೆಂಪಾಗಿಲ್ಲ. ನಿದ್ದೆ ಕೆಟ್ಟು ಮುಖ ಬಾತೈತೆ ಅಷ್ಟೆ."

ಗಂಡ ಗಂಗರಾಜುನೂ ನೋಡಿದ. "ಹೌದಲ್ಲೇ, ಕೆಂಪೇ ಇಲ್ಲ."

ಸಿದ್ದಕ್ಕನಿಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು ಬಂತು. ಉರೀತಿರೋದು ನನ್ನ ಮುಖ, ಉರಿಯಲ್ಲ ಅಂತ ಹೇಳೋರು ಇವರು!

ಅತ್ತೆ ಪಾತಮ್ಮನ ತವರು ಆಂಧ್ರದ ಗಡಿ ಆಚೆ. "ಎಂದುಕಮ್ಮಾ, ಯಾಕೆ ಬೇಕು ಈ ಗೋಳು? ರಾಣಿ ಪಾತ್ರ ಬೆಳ್ಳಗಿರೋರಿಗೆ ಬಿಟ್ಟುಕೊಡು. ಇಲ್ಲ ಅಂದ್ರೆ ಅಂಗಡಿಯಾಗೆ ಬೆಳ್ಳಗಾಗೋ ಕ್ರೀಮು ಸಿಗ್ತೈತೆ, ಅದನ್ನಾರ ತಗಂಡು ಹಚ್ಚು" ಅಂದಳು.

"ಅತ್ತೆ, ರಾಣಿ ಕಪ್ಪಗಿರಬಾರದು ಅಂತ ನಾಟಕದಾಗೆ ಎಲ್ಲಿ ಬರೆದೈತೆ? ನಾನು ಪಾತ್ರನೂ ಬಿಡಲ್ಲ, ಆ ಕ್ರೀಮೂ ಹಚ್ಚಲ್ಲ!"

ಅತ್ತೆ ಆಗಲೇ ಮಗಳಿಗೆ ಫೋನ್ ಹಚ್ಚಿ ವಿಷಯ ಹೇಳಿದ್ದಳು. ಸಿದ್ದಕ್ಕ ಕೂಗಿದ್ದು ಫೋನಿನ ಆ ಕಡೆ ಇದ್ದ ನಾದಿನಿ ಪವಿತ್ರಾಗೂ ಕೇಳಿಸಿತು. ಪವಿತ್ರ ಚಳ್ಳಕೆರೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು. "ಅತ್ತಿಗೆ, ಮುಖಕ್ಕೆ ಏನೂ ಹಚ್ಚಬೇಡ. ತಣ್ಣೀರಲ್ಲಿ ತೊಳಕೊಂಡು ಈಗಲೇ ಬಸ್ಸು ಹತ್ತು. ಉಸಿರು ಕಟ್ಟೋದು, ತುಟಿ ನಾಲಿಗೆ ಊದೋದು ಆದ್ರೆ ಬಸ್ಸಿಗೂ ಕಾಯಬೇಡ, ಅಲ್ಲೇ ಆಸ್ಪತ್ರೆಗೆ ಓಡು. ಅಣ್ಣನ್ನೂ ಕರಕೊಂಡು ಬಾ."

ಚಳ್ಳಕೆರೆಯಲ್ಲಿ ಚರ್ಮದ ಡಾಕ್ಟರಮ್ಮ ಸಿದ್ದಕ್ಕನ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿದರು. ಗಂಗರಾಜು ಇಲ್ಲೂ ಸುಮ್ಮನಿರಲಿಲ್ಲ. "ಕೆಂಪೇನೂ ಆಗಿಲ್ಲ ಮೇಡಂ" ಅಂದ.

ಡಾಕ್ಟರಮ್ಮ ಅವನ ಕಡೆ ತಿರುಗಿದರು. "ಕೈ ಕೊಡಿ ಇಲ್ಲಿ." ಅವನ ಕೈಯನ್ನು ಹೆಂಡತಿಯ ಕೆನ್ನೆ ಮೇಲೆ ಮೆಲ್ಲಗೆ ಇರಿಸಿದರು. "ಈಗ ಹೇಳಿ."

ಗಂಗರಾಜು ಬೆಚ್ಚಿ ಕೈ ತೆಗೆದ. "ಕಾದೈತೆ ಮೇಡಂ! ಗಂಟು ಗಂಟು ಐತೆ."

"ಕಪ್ಪು ಚರ್ಮದ ಮೇಲೆ ಅಲರ್ಜಿ ಆದರೆ ಕೆಂಪು ಸರಿಯಾಗಿ ಕಾಣೋದಿಲ್ಲ. ಆ ಜಾಗ ಇನ್ನೂ ಕಪ್ಪಾಗಬಹುದು, ನೇರಳೆಯ ಹಾಗೆ ಕಾಣಬಹುದು. ಬಿಸಿಯಾಗುತ್ತೆ, ತುರಿಸುತ್ತೆ, ಸಣ್ಣ ಗುಳ್ಳೆ ಏಳುತ್ತೆ. ಕೆಂಪಾಗಲಿ ಅಂತ ಕಾಯುತ್ತಾ ಕೂತರೆ ಕಲೆ ಉಳಿದುಬಿಡುತ್ತೆ."

ಸಿದ್ದಕ್ಕ ಗಂಡನ ಕಡೆ ಒಂದು ನೋಟ ನೋಡಿದಳು. ಅವನು ತಲೆ ತಗ್ಗಿಸಿದ.

ಅರ್ದಳದ ಸಂಗತಿ ಕೇಳಿ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಹಳೇ ಕಾಲದ ಅರ್ದಳ ಅಂದರೆ ಪಾಷಾಣದ ವಿಷ ಸೇರಿದ ಕಲ್ಲು. ಕೆಂಪಿಗೆ ಬಳಸೋ ಇಂಗಳೀಕದಲ್ಲಿ ಪಾದರಸ ಇರುತ್ತೆ. ಡಬ್ಬಿ ಮೇಲೆ ಹೆಸರಿಲ್ಲದ ಯಾವ ಪುಡಿಯೂ ಮುಖಕ್ಕೆ ಬೇಡ. ಬೆಳ್ಳಗಾಗೋ ಕ್ರೀಮೂ ಅಷ್ಟೆ. ಡಾಕ್ಟರ ಚೀಟಿ ಇಲ್ಲದೆ ತಂದು ಹಚ್ಚಿ ಚರ್ಮ ತೆಳ್ಳಗಾಗಿ ಬಂದವರು ಎಷ್ಟು ಜನರನ್ನ ನೋಡ್ತೀನಿ ಗೊತ್ತಾ?"

"ಹಂಗಾರೆ ನಾನು ಪಾತ್ರ ಮಾಡಂಗಿಲ್ವಾ ಮೇಡಂ?"

"ಯಾಕೆ ಮಾಡಬಾರದು? ಮುಖ ಪೂರ್ತಿ ವಾಸಿಯಾಗಲಿ. ಆಮೇಲೆ ತಂದ ಬಣ್ಣವನ್ನ ಮೊದಲು ಮೊಳಕೈ ಒಳಮಡಿಕೆಗೆ ಬೊಟ್ಟಿನಷ್ಟು ಹಚ್ಚಿ. ಎರಡು ದಿನ ಆ ಜಾಗ ತೊಳೆಯಬೇಡಿ. ತುರಿಕೆ, ಬಿಸಿ, ಗುಳ್ಳೆ ಯಾವುದೂ ಇಲ್ಲ ಅಂದರೆ ಮಾತ್ರ ಮುಖಕ್ಕೆ."

ಔಷಧಿ ಹಚ್ಚಿ ಮುಖ ಇಳಿದ ಮೇಲೆ ಸಿದ್ದಕ್ಕ ಪವಿತ್ರಳ ಜೊತೆ ಚಳ್ಳಕೆರೆ ಪೇಟೆಗೆ ಹೋದಳು. ಸಂಘ ಬಣ್ಣಕ್ಕೆ ಅಂತ ಕೊಟ್ಟಿದ್ದು ಸ್ವಲ್ಪವೇ ಹಣ. ಅಂಗಡಿಯವನು ಹೋಳಿ ಹಬ್ಬದ ಹಾಗೆ ಬಣ್ಣ ತುಂಬಿದ ದೊಡ್ಡ ಪೆಟ್ಟಿಗೆ ಮುಂದಿಟ್ಟ. "ಬಿಲ್ಕುಲ್ ಅಸಲಿ ಮಾಲು ಅಕ್ಕ. ಎಲ್ಲಾ ಇದರಲ್ಲೇ ಐತೆ. ವಾಸನೆ ನೋಡಿ, ಗುಲಾಬಿ!"

"ಆ ಗುಲಾಬಿನೇ ಬೇಡ ಅಣ್ಣ" ಅಂದಳು ಪವಿತ್ರ. ಪೆಟ್ಟಿಗೆ ತಿರುಗಿಸಿದಳು. ಮಾಡಿದವರ ಹೆಸರಿಲ್ಲ, ತಾರೀಕಿಲ್ಲ, ಒಳಗೇನಿದೆ ಅಂತ ಬರೆದಿಲ್ಲ. "ಅತ್ತಿಗೆ, ಕಮ್ಮಿಗೆ ಸಿಗ್ತು ಅಂತ ಇದನ್ನ ತಗಂಡ್ರೆ ಉಳಿಸಿದ್ದೆಲ್ಲ ಆಸ್ಪತ್ರೆಗೆ. ಘಮ ಬರಲಿ ಅಂತ ಹಾಕೋದೇ ಎಷ್ಟೋ ಚರ್ಮಕ್ಕೆ ಆಗಲ್ಲ."

"ಹಂಗಾರೆ ಇದು ತಗಳ್ಳಿ, ಗಿಡಮೂಲಿಕೆದು" ಅಂದ ಅಂಗಡಿಯವನು.

"ಗಿಡದ್ದಾದ್ರೇನು, ಅದೂ ತುರಿಸಬಹುದು. ಬಣ್ಣ ಕಮ್ಮಿ ತಗೊಳ್ಳೋಣ, ಒಳ್ಳೇದು ತಗೊಳ್ಳೋಣ. ಮುಖ ಪೂರ್ತಿ ಬಳಿಯೋ ಬಿಳಿ ಬೇಡವೇ ಬೇಡ. ದೀಪದ ಬೆಳಕಿಗೆ ಕಪ್ಪು ಮುಖದ ಮೇಲೆ ಬಿಳಿ ಹಾಕಿದ್ರೆ ಬೂದಿ ಬಳಿದಂಗೆ ಕಾಣ್ತೈತೆ. ನಿನ್ನ ಬಣ್ಣಾನೇ ಇರಲಿ. ಅದಕ್ಕೆ ಕಾಸು ಕೊಡೋ ಹಂಗಿಲ್ಲ."

ಅಂಗಡಿಯವನು ತಿಳಿಗುಲಾಬಿ ಲಿಪ್‌ಸ್ಟಿಕ್ ಚಾಚಿದ. ಸಿದ್ದಕ್ಕನಿಗೆ ತಡೆಯೋಕಾಗಲಿಲ್ಲ. "ಕಪ್ಪು ಒಡಲಿನ ಸೀರೆಗೆ ತಿಳಿಗುಲಾಬಿ ಅಂಚು ಹಾಕ್ತಾರೇನಣ್ಣ? ದೂರಕ್ಕೆ ಏನು ಕಾಣ್ತೈತೆ ಅದು? ಕಡುಗೆಂಪು ತೆಗಿ. ಬಂಗಾರದ ಬಣ್ಣ ತೆಗಿ."

ಹೀಗೆ ಕಡುಗೆಂಪು ಲಿಪ್‌ಸ್ಟಿಕ್, ಕಣ್ಣಿಗೆ ದಪ್ಪ ಕಪ್ಪು ಪೆನ್ಸಿಲ್, ರೆಪ್ಪೆಗೆ ಬಂಗಾರದ ಪುಡಿ, ಮುಖಕ್ಕೆ ವಾಸನೆ ಇಲ್ಲದ ವ್ಯಾಸಲಿನ್ ಬಂದವು. ನಾಲ್ಕೇ ಸಾಮಾನು.

ಮನೆಯಲ್ಲಿ ಮೊಳಕೈ ಮಡಿಕೆಗೆ ನಾಲ್ಕನ್ನೂ ಬೇರೆ ಬೇರೆ ಕಡೆ ಹಚ್ಚಿದಳು. ಎರಡನೇ ದಿನ ಬಂಗಾರದ ಬಣ್ಣದ ಜಾಗ ತುರಿಸತೊಡಗಿತು. ಕಪ್ಪಾಗಿ ದದ್ದು ಎದ್ದಿತ್ತು.

"ಥೂ! ಆಸೆಪಟ್ಟು ತಂದಿದ್ದೇ ಕೈಕೊಡ್ತಲ್ಲ" ಅಂತ ಸಿದ್ದಕ್ಕ ಡಬ್ಬಿಯನ್ನು ಮೂಲೆಗೆ ಎಸೆದಳು. ಅಂಗಡಿಯವನು ವಾಪಸ್ ತಗೊಳ್ಳೋದಿಲ್ಲ ಅಂತ ಫೋನಲ್ಲೇ ಹೇಳಿಬಿಟ್ಟ. ಅತ್ತೆ ಪಾತಮ್ಮ ಆ ದದ್ದನ್ನು ಮುಟ್ಟಿ ಮುಟ್ಟಿ ನೋಡಿದಳು. "ಅಬ್ಬಾ, ಇದು ಕಣ್ಣಿಗೆ ಹಚ್ಚಿದ್ರೆ ಕಣ್ಣೇ ಹೋಗ್ತಿತ್ತಲ್ಲಮ್ಮ" ಅಂದಳು. ಅವತ್ತಿಂದ ಬೆಳ್ಳಗಾಗೋ ಕ್ರೀಮಿನ ಮಾತು ಅವಳ ಬಾಯಲ್ಲಿ ಬರಲಿಲ್ಲ.

ದಾರಿ ತೋರಿಸಿದ್ದು ಗಂಗರಾಜು. ಮಗ್ಗದಲ್ಲಿ ಮಿಕ್ಕ ಜರಿಯ ತುಂಡುಗಳನ್ನು ತಂದ. "ಬಂಗಾರ ಚರ್ಮಕ್ಕೇ ಯಾಕೆ ಬೇಕು? ಬಟ್ಟೆಪಟ್ಟಿಗೆ ಹೊಲಿದು ತಲೆಗೆ ಕಟ್ಟು." ಒಳಗೆ ಮೆತ್ತನೆ ಹತ್ತಿ ಬಟ್ಟೆ ಕೊಟ್ಟು ಅವನೇ ಹೊಲಿದುಕೊಟ್ಟ.

ವಾರ್ಷಿಕೋತ್ಸವದ ಸಂಜೆ ವೇದಿಕೆ ಹಿಂದೆ ಮೇಷ್ಟ್ರು ಮತ್ತೆ ಬಿಳಿ ಬಣ್ಣ ಹಿಡಿದು ಬಂದರು. "ಒಂದು ಕೋಟಾದ್ರೂ ಹಾಕಿಸ್ಕಳಮ್ಮ. ರಾಣಿ ಕಪ್ಪಗಿದ್ರೆ ಜನ ನಗ್ತಾರೆ."

"ನಗಲಿ ಬಿಡ್ರಿ ಮೇಷ್ಟ್ರೇ. ಸುಣ್ಣ ಬಳಿಯೋಕೆ ನನ್ನ ಮುಖ ಏನು ಗೋಡೆನಾ?"

ಮೇಷ್ಟ್ರು ಗೊಣಗಿಕೊಂಡು ಹೋದರು. ಸಿದ್ದಕ್ಕ ಮುಖ ತೊಳೆದು ವ್ಯಾಸಲಿನ್ ತೆಳ್ಳಗೆ ಸವರಿದಳು. ಹುಬ್ಬು, ಕಣ್ಣು ಕಪ್ಪು ಪೆನ್ಸಿಲಲ್ಲಿ ದಪ್ಪಗೆ ತಿದ್ದಿ, ಅಂಚನ್ನು ಕಿವಿ ಕಡೆ ಎಳೆದಳು. ತುಟಿಗೆ ಹಚ್ಚಿದ ಕಡುಗೆಂಪನ್ನೇ ಬೆರಳಲ್ಲಿ ತಗೊಂಡು ಕೆನ್ನೆಗೆ ತೀಡಿದಳು. ಹಣೆಗೆ ಸ್ಟಿಕರ್ ಬೇಡ ಅಂತ ಅದರಲ್ಲೇ ದೊಡ್ಡ ಬೊಟ್ಟು ಬರೆದಳು. ದಾಸಿ ಪಾತ್ರದ ಹುಡುಗಿ "ಅಕ್ಕ, ಪೆನ್ಸಿಲ್ ಒಂಚೂರು" ಅಂದಾಗ, "ಬೇರೆ ಏನಾದ್ರೂ ಕೇಳು ಕಣೇ. ಕಣ್ಣಿಗೆ ಹಚ್ಚೋದನ್ನ ಕೊಡಂಗಿಲ್ಲ, ಒಬ್ಬರ ರೋಗ ಒಬ್ಬರಿಗೆ ಬರ್ತೈತೆ" ಅಂದಳು.

ಪರದೆ ಸರಿಯಿತು. ದೀಪದ ಬೆಳಕಿಗೆ ಬಿಳಿ ಬಳಿದುಕೊಂಡವರ ಮುಖಗಳು ಮಂಕಾಗಿ ಒಂದೇ ಥರ ಕಂಡವು. ಸಿದ್ದಕ್ಕ ಬಂದು ನಿಂತಳು. ತಲೆಯ ಜರಿ ಹೊಳೆಯಿತು. ಮಂತ್ರಿಯ ಕಡೆ ಅವಳು ಕಣ್ಣು ಹೊರಳಿಸಿದ್ದು ಕಟ್ಟಕಡೆಯ ಸಾಲಿನಲ್ಲಿ ಕೂತವರಿಗೂ ಕಂಡಿತು. ಅಲ್ಲೇ ಕೂತಿದ್ದ ಪಾತಮ್ಮ ಪಕ್ಕದವಳನ್ನು ತಿವಿದು, "ನಮ್ಮ ಸೊಸೆ! ಹೆಂಗೆ ಕಾಣ್ತಾಳೆ ನೋಡು!" ಅಂತ ಕೂಗಿದಳು. ಯಾರೂ ನಗಲಿಲ್ಲ. ರಾಣಿ ಕೇಳಿದ ಪ್ರಶ್ನೆಗೆ ಮಂತ್ರಿ ತಡವರಿಸಿದಾಗ ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ.

ನಾಟಕ ಮುಗಿದ ಮೇಲೆ ಸಿದ್ದಕ್ಕ ತನಗೆ ಒಗ್ಗುವ ಕೊಬ್ಬರಿ ಎಣ್ಣೆಯನ್ನು ಮೆತ್ತನೆ ಬಟ್ಟೆಗೆ ಹಾಕಿ ನಿಧಾನಕ್ಕೆ ಬಣ್ಣ ತೆಗೆಯುತ್ತಿದ್ದಳು. ಪಕ್ಕದಲ್ಲಿ ಮೇಷ್ಟ್ರು ಸೀಮೆಎಣ್ಣೆ ಚಿಂದಿಯಲ್ಲಿ ಮುಖ ಉಜ್ಜುತ್ತಿದ್ದರು. ಉಜ್ಜುತ್ತಾ ಉಜ್ಜುತ್ತಾ ಕತ್ತು ಕೆರೆದರು. ಆಮೇಲೆ ಕಿವಿ ಹಿಂದೆ ಕೆರೆದರು. ಚಿಂದಿ ಕೆಳಗಿಟ್ಟರು.

"ಸಿದ್ದಕ್ಕ, ಪ್ರತಿ ನಾಟಕ ಆದ ಮೇಲೂ ನನಗೆ ಒಂದು ವಾರ ಹಿಂಗೇ ತುರಿಸ್ತೈತೆ. ಬಣ್ಣ ಹಚ್ಚೋನಿಗೆ ಇದೆಲ್ಲ ಇದ್ದಿದ್ದೇ ಅಂದ್ಕಂಡಿದ್ದೆ" ಅಂದರು ಮೆಲ್ಲಗೆ.

ಸಿದ್ದಕ್ಕ ಅವರ ಕತ್ತಿನ ಮೇಲೆ ಕೈಯಿಟ್ಟು ನೋಡಿದಳು. ಕಾದಿತ್ತು. ಕಪ್ಪಗೆ ದಡ್ಡುಗಟ್ಟಿತ್ತು. ಸೀಮೆಎಣ್ಣೆಯ ಚಿಂದಿಯನ್ನು ಅತ್ತ ಸರಿಸಿದಳು.

"ಆ ಡಾಕ್ಟರಮ್ಮ ಯಾವ ಹೊತ್ತಿಗೆ ಸಿಗ್ತಾರೆ?" ಅಂತ ಕೇಳಿದರು ಮೇಷ್ಟ್ರು.

"ಬೆಳಿಗ್ಗೆ ಬಸ್ಸಿಗೆ ಹೊರಡ್ರಿ. ನಮ್ಮನೆಯವರು ಜೊತೆಗೆ ಬರ್ತಾರೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ನಾಟಕ ಇರುತ್ತೆ, ಬಯಲಾಟ ಇರುತ್ತೆ, ಶಾಲೆಯ ಮಕ್ಕಳ ವೇಷ ಇರುತ್ತೆ. ಬಣ್ಣ ಹಚ್ಚಿ, ದಿಟ್ಟವಾಗಿ ಹಚ್ಚಿ. ಆದರೆ ಹೆಸರಿಲ್ಲದ ಡಬ್ಬಿ, ಹಳೇ ಪುಡಿ, ಬೆಳ್ಳಗಾಗೋ ಕ್ರೀಮು ಹತ್ತಿರ ಸೇರಿಸಬೇಡಿ. ಕಪ್ಪು ಮುಖವನ್ನು ಬಿಳಿ ಮಾಡೋಕೆ ದುಡ್ಡು ಸುರಿಯಬೇಡಿ. ಕಣ್ಣಿಗೆ ಕಪ್ಪು, ತುಟಿಗೆ ಕಡುಬಣ್ಣ ಎದ್ದು ಕಂಡರೆ ವೇಷ ತಾನಾಗಿ ನಿಲ್ಲುತ್ತೆ. ಯಾರಾದರೂ ಉರೀತೈತೆ ಅಂದರೆ, ಕೆಂಪಾಗಿಲ್ಲವಲ್ಲ ಅನ್ನಬೇಡಿ. ಮುಟ್ಟಿ ನೋಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಬಣ್ಣ ತಂದವರು ಎಷ್ಟೇ ದೊಡ್ಡವರಾಗಿರಲಿ, ಅವರಿಗೆ ಮೊದಲು ಮೊಳಕೈ ಚಾಚಿ. ಎರಡು ದಿನ ಏನೂ ಆಗದಿದ್ದರೆ ಮಾತ್ರ ಮುಖ ಕೊಡಿ.