ಆವಿಗೆ ಆರುವ ಮುನ್ನ

ಸಾಕ್ಷಿಯ ಸರದಿ ಬರುವ ಮೊದಲೇ ಅಕ್ಕನ ಬಾಯಿ ಒಣಗಿಹೋಗಿತ್ತು. ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ತಮ್ಮ ಮತ್ತೊಮ್ಮೆ ಅವಳ ಕಿವಿಯ ಬಳಿ ಬಾಗಿದ.

"ಸದ್ದು ಕೇಳಿಸಲಿಲ್ಲ ಅಂದ್ಬಿಡಕ್ಕ. ಒಂದೇ ಮಾತು."

"ಕೇಳಿಸಿತ್ತಲ್ಲೋ. ನಿನಗೂ ಹೇಳಿದ್ದೆ."

"ನನಗೆ ಹೇಳಿದ್ದು ಸಾಕು ಮಾರಾಯ್ತಿ. ಇಲ್ಲೂ ಡಂಗುರ ಹೊಡೀಬೇಡ."

ಇಬ್ಬರದೂ ಮಡಕೆ ಮಾಡುವ ಕಸುಬು. ಹಸಿ ಮಡಕೆಗಳನ್ನು ಆವಿಗೆಯೊಳಗೆ ಜೋಡಿಸಿ, ಬೆಂಕಿ ಕೊಟ್ಟು ಸುಟ್ಟು, ಬಾಯಿಗೆ ಇಟ್ಟಿಗೆಯಿಟ್ಟು ಮಣ್ಣು ಮೆತ್ತಿದರೆ ಆಯಿತು. ಒಂಬತ್ತು ದಿನ ಅದನ್ನು ಯಾರೂ ಮುಟ್ಟುವಂತಿಲ್ಲ, ತಾನಾಗಿಯೇ ಆರಬೇಕು. ಈ ಸಲ ಮುಚ್ಚಿದ ಮರುದಿನ ಮಧ್ಯಾಹ್ನ ಒಳಗೆಲ್ಲೋ 'ಧಪ್' ಎಂದಿತ್ತು. ಒಂಬತ್ತು ದಿನ ಕಳೆದು ತೆರೆದರೆ ಕಮಾನು ಕುಸಿದು ಎಲ್ಲವೂ ಚೂರುಚೂರು. ಅಂದೇ ವಿಮಾ ಕಂಪನಿಗೆ ತಿಳಿಸಿದರು. ಮುಚ್ಚಿದ ಒಂದೆರಡು ದಿನದಲ್ಲೇ ಕುಸಿದಿರಬೇಕು, ಹಾನಿಯಾದ ಏಳು ದಿನದೊಳಗೆ ತಿಳಿಸಬೇಕಿತ್ತು, ಗಡುವು ಮೀರಿದೆ ಎಂದು ಕಂಪನಿ ಕೈಯೆತ್ತಿದ್ದಕ್ಕೇ ಈ ದಾವೆ. ಪರಿಹಾರ ಬಾರದಿದ್ದರೆ ಆವಿಗೆ ಮತ್ತೆ ಮೇಲೇಳುವುದಿಲ್ಲ, ಅಪ್ಪ ಕಲಿಸಿದ ಕಸುಬು ಅಲ್ಲಿಗೆ ಮುಗಿದ ಹಾಗೆ.

ಅಕ್ಕ ಕಟಕಟೆ ಹತ್ತಿ ದೇವರ ಮೇಲೆ ಪ್ರಮಾಣ ಮಾಡಿದಳು. ಸುಳ್ಳಾಡಿದರೆ ದೇವರ ಭಯ, ನಿಜ ನುಡಿದರೆ ತಮ್ಮನ ಬಾಳು ಹಾಳು. ಕಂಪನಿಯ ವಕೀಲ ನಯವಾಗಿ ಕೇಳಿದ.

"ಆವಿಗೆ ಮುಚ್ಚಿದ ಮೇಲೆ ಒಳಗಿಂದ ಏನಾದರೂ ಸದ್ದು ಕೇಳಿಸಿತೇನಮ್ಮಾ?"

ತಮ್ಮ ನೆಲ ನೋಡುತ್ತಿದ್ದ.

"ಕೇಳಿಸ್ತು ಸ್ವಾಮಿ. ಮಾರನೇ ದಿನವೇ."

ವಕೀಲ ಗೆದ್ದವನಂತೆ ಕೂತ. ಎದೆ ಬಡಿತದಲ್ಲಿ ಅಕ್ಕನಿಗೆ ಮುಂದೇನೂ ಕೇಳಿಸಲಿಲ್ಲ. ನ್ಯಾಯಾಧೀಶರು ಎರಡನೇ ಸಲ ಕೇಳಬೇಕಾಯಿತು.

"ಆಗಲೇ ಯಾಕೆ ತಿಳಿಸಲಿಲ್ಲ?"

"ಆರುವಾಗ ಅದು ಪ್ರತಿ ಸಲವೂ ಗೊಣಗ್ತದೆ ಸ್ವಾಮಿ, ನಮ್ಮ ಅಜ್ಜಿ ಹಾಗೆ. ಗೊಣಗಿದಾಗೆಲ್ಲ ಕಾಗದ ಬರೆದಿದ್ರೆ ಕಂಪನಿಯೋರು ನಮಗೆ ತಲೆ ಕೆಟ್ಟಿದೆ ಅಂತಿದ್ರು."

ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

"ತೆಗೆದು ನೋಡಬಹುದಿತ್ತಲ್ಲ?" ನ್ಯಾಯಾಧೀಶರು ಮತ್ತೆ ಕೇಳಿದರು.

"ಕೆಂಡದಂಥ ಮಡಕೆಗೆ ತಣ್ಣನೆ ಗಾಳಿ ಬಡಿದ್ರೆ ಒಂದೂ ಉಳಿಯೋದಿಲ್ಲ."

ನ್ಯಾಯಾಧೀಶರು ಪಾಲಿಸಿಯ ಹಾಳೆ ಮಗುಚಿದರು. "ಹನ್ನೊಂದನೇ ಷರತ್ತು ಓದಿ, ವಕೀಲರೇ."

ವಕೀಲನ ದನಿ ಇಳಿಯಿತು. "ಹಾನಿಯನ್ನು ಹೆಚ್ಚಿಸುವ ಯಾವ ಕೆಲಸವನ್ನೂ ವಿಮೆ ಪಡೆದವರು ಮಾಡತಕ್ಕದ್ದಲ್ಲ."

"ಒಂದು ಷರತ್ತು ಆವಿಗೆಯ ಬಾಯಿ ತೆಗೀಬೇಡ ಅನ್ನುತ್ತದೆ. ಇನ್ನೊಂದು, ಒಳಗಾದದ್ದನ್ನು ಏಳು ದಿನದಲ್ಲಿ ಹೇಳು ಅನ್ನುತ್ತದೆ. ಎರಡನ್ನೂ ಬರೆದವರು ನೀವೇ. ಹೊಂದದಿದ್ದರೆ ಅದರ ಪೆಟ್ಟು ಬರೆದವರಿಗೆ, ನಂಬಿ ಸಹಿ ಹಾಕಿದವರಿಗಲ್ಲ." ಬೆರಳಚ್ಚುಗಾರ್ತಿಯ ಕಡೆ ತಿರುಗಿ ತೀರ್ಪು ಬರೆಸಿದರು. "ಗಡುವು ಎಣಿಸಬೇಕಾದದ್ದು ಹಾನಿ ಕಣ್ಣಿಗೆ ಬಿದ್ದ ದಿನದಿಂದ. ಕಂಪನಿ ಪರಿಹಾರ ಕೊಡತಕ್ಕದ್ದು."

ಅಕ್ಕನಿಗೆ ಅದು ಒಮ್ಮೆಲೇ ತಲೆಗೆ ಹೋಗಲಿಲ್ಲ. ಸೋತೆವೆಂದೇ ಎಣಿಸಿ ಕಂಬಿ ಹಿಡಿದು ನಿಂತಿದ್ದಳು. ತಮ್ಮ ಬಂದು ಕೈ ಕೊಟ್ಟ.

"ಇಳಿ ಅಕ್ಕ, ಮುಗೀತು."

"ಬೈಯೋದಿದ್ರೆ ಹೊರಗೆ ಬೈಯೋ."

ಅವನು ಬೈಯಲಿಲ್ಲ. "ಗೆದ್ವಿ ಅಕ್ಕ. ಆವಿಗೆ ಕಟ್ಟೋಕೆ ಇಟ್ಟಿಗೆ ತರೋಣ ನಡಿ," ಅಂದ.