ಕೆಂಪಿಗೇರಿದ ಮುಳ್ಳು

ಶಹಾಬಾದಿನ ನೀರಿಗೆ ಬೈಯದ ಹೆಂಗಸು ಯಾರಿದ್ದಾರ ಹೇಳ್ರಿ? ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬರಂಗಿಲ್ಲ, ಭಾಂಡ್ಯಾದ ತಳಕ್ಕ ಬಿಳಿ ಸುಣ್ಣ ಕುಂತಿರ್ತದ. ಹಂಗಾಗಿ ನಮ್ಮ ಅಂಬಾಸಿಡರ್ ಗಾಡ್ಯಾಗ ಇಂಜಿನ್ನಿನ ಕಾವು ತೋರಿಸೋ ಮುಳ್ಳು ಕೆಂಪಿಗೇರಿದಾಗ ಎಲ್ಲಾರೂ ನೀರಿಗೇ ಬೈದ್ವಿ. ನಾ ಎಲ್ಲಾರಕಿಂತ ಜೋರಲೆ ಬೈದೆ.

ನಮ್ಮನಿಯವರು, ಮಡಿವಾಳಯ್ಯ, ಆ ಗಾಡಿ ಬಾಡಿಗಿಗಿ ಓಡಿಸ್ತಿದ್ರು. ಚಿಂಚೋಳಿ, ಸೇಡಂ, ವಾಡಿ ಟೇಶನ್ನು. ಗಾಡಿ ಬಿಟ್ರ ಆ ಮನುಷ್ಯಗ ಮತ್ತೇನೂ ಬರ್ತಿರಲಿಲ್ಲ, ಬೇಕಾಗೂ ಇರಲಿಲ್ಲ. ಮುಂಜಾನೆ ಲಿಂಗಪೂಜಿ ಆದಮ್ಯಾಲ ಬಾನೆಟ್ಟಿಗೂ ವಿಭೂತಿ ಹಚ್ಚೋರು. "ನನಗ ಮಾತಾಡಸೋದು ಮರೀತೀರಿ, ಅದಕ್ಕ ವಿಭೂತಿ ಮರೆಯಂಗಿಲ್ಲ" ಅಂತ ಕಾಡ್ತಿದ್ದೆ.

ಮಿಸ್ತ್ರಿ ಗುಲಾಮ ದಸ್ತಗೀರ ರೇಡಿಯೇಟರ್ ಬಿಚ್ಚಿ ತೊಳೆದ. ಸುಣ್ಣ ಬಿತ್ತು ಖರೆ, ಮುಳ್ಳು ಇಳೀಲಿಲ್ಲ. ನೀರಿನ ಪಂಪು ಬದಲಿ ಮಾಡಿದ. ಮುಳ್ಳು ಅಲ್ಲೇ! "ಇಂಜಿನ್ನಿನ ಹೊಟ್ಯಾಗೇ ಸುಣ್ಣ ಕಟ್ಯದ, ಅಯ್ಯನೋರ. ಹಿಂಗೇ ಓಡಿಸಿದ್ರ ನಡು ದಾರ್ಯಾಗ ಜಾಮ್ ಆಗ್ತದ" ಅಂದ. ಮುಳ್ಳು ಏರಿದ ಕೂಡ್ಲೇ ಇವರು ಅಂಜಿ ಇಂಜಿನ್ ಬಂದ್ ಮಾಡೋರು. ಒಳಗಿನ ನೀರು ಖರೇನೇ ಕುದಿತದೇನು ಅಂತ ಒಬ್ಬರಾದ್ರೂ ನೋಡಬ್ಯಾಡೇನು?

ಕಡಿಗಿ ಗುಜರಿಗಿ ಮಾರಿದ್ವಿ; ಭಂಕೂರದ ಗುಜರಿ ವ್ಯಾಪಾರಿ ಬಂದೇನವಾಜ್ ಗಾಡಿ ಎಳಕೊಂಡು ಹೋದ. ಅವತ್ತಿಂದ ಇವರು ಕಟ್ಟಿ ಮ್ಯಾಲ ಕುಂತವರು ಕುಂತಂಗೇ. ರಸ್ತಾದಾಗ ಹಾರ್ನ್ ಕೇಳಿದ್ರೂ ತಲಿ ಎತ್ತತಿರಲಿಲ್ಲ.

ಒಂದಿನ ಸಂಜಿಗಿ ಬಂದೇನವಾಜ್ ಪೇಢೆ ತಗೊಂಡು ಬಂದ. ಭಾಳ ಖುಷಿ ಇದ್ದ.

"ವೈನಿ, ನಿಮ್ಮ ಇಂಜಿನ್ ಹುಲಿ ಅದ! ಕಲ್ಲು ಕೊಯ್ಯೋ ಮಷೀನಿಗಿ ಹಚ್ಚೀನಿ. ದಿನಾ ಪೂರಾ ಓಡಾಕತ್ತದ, ನೀರು ಒಂದು ಸಲಾನೂ ಕುದ್ದಿಲ್ಲ. ಮುಳ್ಳಿಗಿ ಹೋಗೋ ವೈರಿನ ಸಿಪ್ಪಿ ಸುಲಿದು ಕಬ್ಬಿಣಕ್ಕ ತಾಗಿತ್ತು, ಅಷ್ಟೇ. ಅದಕ್ಕೇ ಸುಮ್ಮಸುಮ್ನೆ ಏರ್ತಿತ್ತು."

ಅಯ್ಯೋ ಶಿವನೇ! ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಎಳದಂಗ ಮಾಡಿದ್ವಲ್ಲ! ದಸ್ತಗೀರಗ, ನೀರಿಗಿ, ನನಗ, ಯಾರಿಗಿ ಬೈಯಲಿ ತಿಳೀಲಿಲ್ಲ.

ಇವರು ಧಡಕ್ಕನ ಎದ್ರು. ಮುಖಕ್ಕ ಮತ್ತ ಕಳಿ ಬಂತು.

"ಹಂಗಿದ್ರ ವಾಪಸ್ ಕೊಡೋ! ಇಂಜಿನ್ ತಿರುಗಿ ಕೂಡಿಸ್ತೀವಿ. ಬಾಡಿ ಎಲ್ಲದ?"

ಬಂದೇನವಾಜ್ ಪೇಢೆ ಪುಡಿಕಿ ಕೆಳಗಿಟ್ಟ. ಖುಷಿಲೆ ಬಂದಿದ್ದ ಪಾಪ, ಅವನಿಗೂ ಈಗ ಹೊಳೀತು.

"ಬಾಡಿ... ಮೊದಲು ಅದನ್ನೇ ಕೊಯ್ದೆ, ಅಯ್ಯನೋರ. ತಗಡು ಹೈದರಾಬಾದಿಗಿ ಹೋತು."

ಇವರು ಮೆಲ್ಲಕ ಕುಂತ್ರು. ಮಿಂಚಿ ಹೋದದ್ದಕ್ಕ ಚಿಂತಿ ಮಾಡಬ್ಯಾಡ್ರಿ ಅನಬೇಕಂದೆ, ಅಳು ಬಂತು. ಬಂದೇನವಾಜ್ ಎದ್ದು ಹೋದ.

"ರತ್ನಾ," ಅಂದ್ರು ಕಡಿಗಿ. "ಆರಾಮ ಇತ್ತಲ್ಲೇ ಅದು. ಆರಾಮ ಇದ್ದದ್ದನ್ನೇ ಕೊಯ್ಯಾಕ ಕೊಟ್ಟೆ."