ಸ್ಟೋವ್ ಪಿನ್ನಿನ ಒಡಪು

ನನಗ ಒಡಪಿನ ಜಯದೇವಿ ಅಂತಾರ. ಕಲಬುರ್ಗಿ ಶಹಾಬಜಾರದ ಯಾವ ಓಣ್ಯಾಗ ಬೇಕಾದ್ರೂ ಕೇಳ್ರಿ, ಸಣ್ಣ ಹುಡುಗರು ಸುದ್ದಾ ಮನಿ ತೋರಸ್ತಿದ್ರು. ಈಗ ಯಾರೂ ಬರಂಗಿಲ್ಲ. ಬಂದ್ರೂ ನಾ ಬಾಗಿಲ ತಗಿಯಂಗಿಲ್ಲ.

ನಮ್ಮ ಕಡಿ ಹೆಂಗಸು ಗಂಡನ ಹೆಸರು ಹಂಗೇ ಬಾಯಿ ಬಿಟ್ಟು ಹೇಳಂಗಿಲ್ರಿ. ಹೇಳಿದ್ರ ಅವನ ಆಯುಷ್ಯ ಕಮ್ಮಿ ಆಗ್ತದಂತ. ಆದ್ರ ಮದಿವ್ಯಾಗ, ಬಸುರಿ ಕುಬಸದಾಗ ಹೆಂಗಸರೆಲ್ಲಾ ಬಾಗಿಲಿಗಿ ಅಡ್ಡ ನಿಂತು "ಹೆಸರು ಹೇಳಿ ಒಳಗ ಬಾ" ಅಂತ ಗಂಟು ಬೀಳ್ತಾರ. ಆಗ ಯಾವುದರೆ ಒಂದು ವಸ್ತು ಹಿಡಿದು, ಎರಡು ಸಾಲು ಕಟ್ಟಿ, ಅದರಾಗ ಅವನ ಹೆಸರು ಕೂಡಿಸಿ ಹೇಳಬೇಕು. ಅದಕ್ಕೇ ಒಡಪು ಅಂತೀವಿ. ಎಲ್ಲಾರೂ ಅದೇ ಬೆಳ್ಳಿ ಬಟ್ಟಲು, ಅದೇ ಮಲ್ಲಿಗಿ ಹೂವು, ಅದೇ ದೀಪ ಹೇಳ್ತಿದ್ರು. ಥೂ, ಕೇಳಿ ಕೇಳಿ ನನ್ನ ಕಿವಿ ಜಡ್ಡು ಹಿಡದಿದ್ದವು.

ನನ್ನ ರೀತಿ ಬ್ಯಾರೆ ಇತ್ತು. ತೊಂಬತ್ತನೇ ಇಸವಿ ಸುಮಾರಿನಾಗ ನನ್ನ ತಂಗಿ ಶೇವಂತಾಗ ನಮ್ಮ ಕಮಲಾಪುರದಾಗೇ ಸಂಬಂಧ ನಿಕ್ಕಿ ಆಯ್ತು. ಹುಡುಗನ ಹೆಸರು ಸೂಗಪ್ಪ. ನಾ ತವರುಮನಿಗಿ ಹೋಗಿ, ಆಕಿನ್ನ ಅಡಗಿಮನ್ಯಾಗ ಕೂಡಿಸಿಕೊಂಡೆ.

"ಕಣ್ಣು ಮುಚ್ಚಿ ಗರ್ ಅಂತ ತಿರುಗು. ಈಗ ಕಣ್ಣು ಬಿಡು. ಮೊದಲ ಏನ್ ಕಂಡ್ತು?"

"ಸ್ಟೋವಿನ ಪಿನ್ನು, ಅಕ್ಕಾ."

"ಅದರ ಮ್ಯಾಲೇ ಹೇಳು."

"ಹೋಗಽ, ಪಿನ್ನಿಗೂ ಅವ್ರಿಗೂ ಏನ್ ಸಂಬಂಧ?"

"ಏ ಹುಚ್ಚಿ, ಸಂಬಂಧ ಇಲ್ಲಂತೇ ಅದು ಚಲೋ. ಸಂಬಂಧ ಇದ್ದಿದ್ದೆಲ್ಲಾ ಊರ ಮಂದಿ ಹೇಳಿ ಹಳಸಿ ಬಿಟ್ಟಾರ. ಮೊದಲ ಅವನ್ನ ಮರತುಬಿಡು. ಖಾಲಿ ಪಿನ್ನಿಗಿ ಕೇಳು: ನೀ ಏನ್ ಮಾಡ್ತಿ? ಯಾವಾಗ ಬೇಕಾಗ್ತಿ? ನೀ ಇಲ್ದಿದ್ರ ಯಾರಿಗಿ ತ್ರಾಸು? ಅದು ಏನ್ ಹೇಳ್ತದ ಅದನ್ನ ಉಡ್ಯಾಗ ಹಾಕ್ಕೊಂಡು ಅವನ ಕಡಿ ನಡಿ. ಜಗತ್ತಿನಾಗ ಎಲ್ಲಿಂದ ಹೊಂಟ್ರೂ ಅವನ ಹೆಸರಿಗಿ ಒಂದು ದಾರಿ ಇದ್ದೇ ಇರ್ತದ."

ಸೀಮಿಎಣ್ಣಿ ಸ್ಟೋವಿನ ತೂತು ಕಟ್ಟಿದ್ರ ಚುಚ್ಚಿ ಬಿಡಸೋ ಆ ಪಿನ್ನು ಕೈಯಾಗ ಹಿಡಕೊಂಡು ಹೊರಳಿಸಿ ನೋಡಿದಳು. ಆಮ್ಯಾಲ ಸಣ್ಣ ದನಿಲೆ ಅಂದಳು:

"ಸ್ಟೋವಿನ ಪಿನ್ನು ಸಣ್ಣದು, ಕಟ್ಟಿದ ಉರಿ ಬಿಡಸ್ತದ,
ಸೂಗಪ್ಪನವರ ನಗಿ ಸಣ್ಣದು, ಕಟ್ಟಿದ ಮನಸ ಬಿಡಸ್ತದ."

ಯವ್ವಾ! ನನಗ ಕಣ್ಣಾಗ ನೀರು ಬಂತು. ಅವ ನೋಡಾಕ ಬಂದಾಗ ಒಮ್ಮಿ ನಕ್ಕಿದ್ದ, ಅಷ್ಟೇ. ಹುಡುಗಿ ಅದನ್ನೇ ಹಿಡದು ಇಟ್ಟಕೊಂಡಿದ್ದಳು.

ಮದಿವಿ ದಿನ ಅತ್ತಿ ಅಂಬಮ್ಮ ಬಾಗಿಲದಾಗ ನಿಂತು, ಸೊಸಿ ಸೊಕ್ಕು ಮುರೀಬೇಕಂತ ಒಂದು ಹರಕ ಚಪ್ಪಲಿ ಮುಂದ ಒಗದಳು. "ಬಾಳ ಶಾಣ್ಯಾಕಿ ಅಂತಲ್ಲ, ಇದರ ಮ್ಯಾಲ ಹೇಳು." ಶೇವಂತಾ ಸೆರಗು ಸರಿ ಮಾಡಕೊಂಡು ಅಂದಳು:

"ಒಂಟಿ ಚಪ್ಪಲಿ ಮೂಲಿಗಿ, ಜೋಡಿ ಚಪ್ಪಲಿ ಊರಿಗಿ,
ಸೂಗಪ್ಪನವರ ಜೋಡಿ ಬಂದೀನಿ, ಬಾಗಿಲ ಬಿಡ್ರಿ ಮನಿಗಿ."

ಮಂದಿ ಹೋ ಅಂತ ನಕ್ಕರು. ಅಂಬಮ್ಮನೂ ನಕ್ಕಳು, ಆದ್ರ ಹಲ್ಲಿಲೆ ಮಾತ್ರ.

ಸೂಗಪ್ಪ ಕಮಲಾಪುರದ ಕೆಂಪು ಬಾಳಿಹಣ್ಣು ಟೆಂಪೋದಾಗ ಹೇರಿಕೊಂಡು ಕಲಬುರ್ಗಿ ಸೂಪರ್ ಮಾರ್ಕೆಟ್‌ಗಿ ಒಯ್ದು ಮಾರತಿದ್ದ. ಸಂಜಿಗಿ ಮನಿಗಿ ಬರಾವಾಗ ದಾರ್ಯಾಗ ಸಿಕ್ಕಿದ್ದು ಏನರೆ ತರತಿದ್ದ. ತುಕ್ಕು ಹಿಡದ ಬೋಲ್ಟು, ಮುರದ ಹಣಗಿ, ಸಿನಿಮಾ ಟಿಕೀಟಿನ ತುಂಡು. "ಇದರ ಮ್ಯಾಲ ಹೇಳು ನೋಡೋಣು" ಅಂತ ಆಕಿ ಕೈಯಾಗ ಇಡತಿದ್ದ. ಹೆಂಡತಿ ಬಾಯಾಗ ತನ್ನ ಹೆಸರು ಕೇಳೋದು ಅವನಿಗಿ ಅಷ್ಟು ಹುಚ್ಚು. ಆಕಿ ಹೇಳತಿದ್ದಳು, ಅವ ಕಣ್ಣು ಮುಚ್ಚಿ ಕೇಳತಿದ್ದ. ನೋಡಿದವರ ದೃಷ್ಟಿ ತಾಕಬೇಕು ಹಂಗ ಇದ್ರು ಇಬ್ಬರೂ. ತಾಕಿತೋ ಏನೋ.

ಒಂದು ಮುಂಜಾನಿ ಟೆಂಪೋ ಪಲ್ಟಿ ಆಯ್ತು. ಹಣ್ಣೆಲ್ಲಾ ರಸ್ತೆದ ತುಂಬ, ಅವ ಹಣ್ಣಿನ ನಡುವ. ತಲಿಗಿ ಪೆಟ್ಟಾಗಿತ್ತು. ಕಲಬುರ್ಗಿ ದವಾಖಾನಿಗಿ ತಂದು ಮಲಗಸಿದ್ರು. ನಾ ಓಡಿ ಹೋಗೂದ್ರಾಗ ಶೇವಂತಾ ಮಂಚದ ಬಾಜು ನಿಂತಿದ್ದಳು. ಟೆಂಪೋ ಬಿದ್ದ ಜಾಗದಾಗ ಸಿಕ್ಕಿದ್ದ ಅವನ ಒಂದೇ ಚಪ್ಪಲಿ ಯಾರೋ ತಂದು ಅಲ್ಲೇ ಇಟ್ಟಿದ್ರು. ಆಕಿ ಕಣ್ಣಿಗಿ ಬೀಳಬಾರದಂತ ನಾ ಅದನ್ನ ಕಾಲಿಲೆ ಮಂಚದ ಕೆಳಗ ದೂಡಿದೆ.

ಡಾಕ್ಟರು ಹೇಳಿದ್ರು, "ಆಸೆ ಕಮ್ಮಿ ಅದ ತಾಯಿ. ಆದ್ರ ಗುರುತಿನ ದನಿ ಕಿವಿಗಿ ಬಿದ್ರ ಒಮ್ಮೊಮ್ಮೆ ಎಚ್ಚರ ಆಗ್ತದ. ಹೆಸರು ಹಿಡದು ಕರೀರಿ."

ಹೆಸರು ಹಿಡದು! ಅಂಬಮ್ಮ ಮಗನ ಕಾಲ ಹತ್ರ ಕುಂತಾಕಿ ಗಕ್ಕನೆ ಎದ್ದಳು. "ನಾ ಕರೀತೀನಿ, ಬೇಕಾದ್ರ ಊರೇ ಕರೀಲಿ. ನೀ ಮಾತ್ರ ಒಡಪಿನಾಗ ಹೇಳು. ಬರೇ ಹೆಸರು ಬಾಯಾಗ ಬಂತಂದ್ರ ನನ್ನ ಮಗನ ಆಯುಷ್ಯ ನೀನೇ ತಿಂದಂಗ."

ಶೇವಂತಾ ಅವನ ಕಿವಿ ಹತ್ರ ಬಗ್ಗಿ ಸ್ಟೋವ್ ಪಿನ್ನಿನ ಒಡಪು ಹೇಳಿದಳು. ಅವನ ರೆಪ್ಪಿ ಅಲುಗಿತು. ಖರೇ ಹೇಳ್ತೀನ್ರಿ, ಅಲುಗಿತು! ನರ್ಸ್ ಮುನೀರಾ "ಅದು ಹಂಗೇ ಆಗ್ತಿರ್ತದ, ಅಕ್ಕಾ" ಅಂದಳು. ಮುಳಗಾವರಿಗಿ ಹುಲ್ಲುಕಡ್ಡಿ ಆಸರ ಅಂತಾರ, ನಾವು ಅದನ್ನೇ ಗಟ್ಟಿ ಹಿಡದ್ವಿ. ಮತ್ತೊಮ್ಮಿ ಹೇಳಿದಳು. ಏನೂ ಇಲ್ಲ.

"ಹಳೇದಕ್ಕ ಅವ ಏಳಂಗಿಲ್ಲ" ಅಂದೆ ನಾ. "ದಿನಾ ಹೊಸಾದು ಕೇಳಿ ರೂಢಿ ಬಿದ್ದಾವ ಅವ. ಸುತ್ತ ನೋಡು. ಕಂಡಿದ್ದು ಹಿಡಿ."

ಹಿಡದಳು. ಮುನೀರಾನ ಕೈಗಡಿಯಾರ ಹಿಡದಳು:

"ಚಾವಿ ಕೊಟ್ರ ನಡೀತದ ಮುನೀರಾಬಾಯಿ ಗಡಿಯಾರ,
ಕೂಗಿ ಕೂಗಿ ಚಾವಿ ಕೊಡ್ತೀನಿ, ಏಳ್ರಿ ಸೂಗಪ್ಪನವರ."

ಮುನೀರಾ ಮುಖ ಆಕಡಿ ಮಾಡಿದಳು. ಕಿಟಕಿ ಮ್ಯಾಲ ಕಟ್ಟಿದಳು, ಬಾಜು ಮಂಚದ ಮುದುಕನ ಟಿಫಿನ್ ಡಬ್ಬಿ ಮ್ಯಾಲ ಕಟ್ಟಿದಳು, ಗ್ವಾಡಿ ಮ್ಯಾಲ ಎಲಿಅಡಿಕಿ ಉಗುಳಿದ ಕಲಿ ಮ್ಯಾಲ ಕಟ್ಟಿದಳು. ದಿನಗಟ್ಟಲೆ ಕಟ್ಟಿದಳು. ದನಿ ಒಡದು ಹೋಯ್ತು. ಅವ ಅಲುಗಲಿಲ್ಲ. ಮತ್ತ ದವಾಖಾನ್ಯಾಗ ಕಾಣೂದಾದ್ರೂ ಏನ್ರಿ?

"ಸಲಾಯಿನ್ ಬಾಟ್ಲಿ ಹನಿ ಹನಿ ಖಾಲಿ ಆಗ್ತದ, ಸೂಗಪ್ಪನವರು..." ಅಂದಾಕಿ ಗಪ್ಪನೆ ಬಾಯಿ ಮುಚ್ಚಿಕೊಂಡಳು.

"ಬಿಡು ಅದನ್ನ! ಬ್ಯಾರೆ ಹಿಡಿ."

"ಈ ಮಂಚದ ಮ್ಯಾಲ ಎಷ್ಟೋ ಮಂದಿ ಮಲಗಿ ಹೋಗ್ಯಾರ..."

"ಶೇವಂತಾ!"

"ನಾ ಎಲ್ಲಿ ಹಿಡ್ಯಾಕತ್ತೀನಿ ಅಕ್ಕಾ? ಅದೇ ಬರಾಕತ್ತದ" ಅಂತ ಅತ್ತಳು. ನನ್ನ ರೀತಿಗಿ ಒಳ್ಳೇದು ಕೆಟ್ಟದ್ದು ಅಂತ ಗೊತ್ತಿದ್ದಿಲ್ಲ. ಕೂಡಸೂದು ಒಂದೇ ಅದಕ್ಕ ಬರತಿತ್ತು.

ಆವತ್ತು ಮಧ್ಯಾಹ್ನ ಅವನ ಉಸಿರು ಏರುಪೇರು ಆಯ್ತು. ಮುನೀರಾ ಓಡಿ ಬಂದು ನೋಡಿ, "ಅಕ್ಕಾ, ಪದ ಕಟ್ಟಾಕ ಟೈಮ್ ಇಲ್ರಿ ಈಗ. ಸೀದಾ ಹೆಸರು ಹಿಡದು ಕರೀರಿ" ಅಂದಳು.

"ಕರದಿ ಅಂದ್ರ ನೋಡು!" ಅಂತ ಅಂಬಮ್ಮ ಚೀರಿದಳು.

ಶೇವಂತಾ ನನ್ನ ಮುಖ ನೋಡಿದಳು. ನನಗ ಸಿಟ್ಟು ನೆತ್ತಿಗಿ ಏರಿತ್ತು. "ಕರಿ! ಕಮ್ಮಿ ಆಗಾಕ ಆಯುಷ್ಯ ಎಲ್ಲಿ ಉಳದದ?" ಅಂದೆ.

"ಸೂಗಪ್ಪಾ!" ಅಂದಳು. ಹಿಂದಿಲ್ಲ ಮುಂದಿಲ್ಲ, ಬರೇ ಹೆಸರು. "ಸೂಗಪ್ಪಾ, ಏಳೋ!" ವಾರ್ಡಿಗಿ ವಾರ್ಡೇ ತಿರುಗಿ ನೋಡ್ತು. ಅವ ಒಂದು ಉಸಿರು ತಗೊಂಡ, ಮುಂದಿನದು ತಗೊಳ್ಳಲಿಲ್ಲ.

"ತಿಂದೆಲ್ಲೇ ನನ್ನ ಮಗನ್ನ!" ಅಂತ ಅಂಬಮ್ಮ ನೆಲಕ್ಕ ತಲಿ ಬಡಕೊಂಡಳು. ಕಮಲಾಪುರದಾಗ ಮಣ್ಣು ಮಾಡೂದ್ರಾಗ ಊರಿಗೆಲ್ಲಾ ಅದೇ ಮಾತು ಹಬ್ಬಿತ್ತು. ಹೆಂಡತಿ ಹೆಸರು ಹಿಡದಳು, ಗಂಡ ಹೋದ. "ಟೆಂಪೋ ಬಿದ್ದು ಸತ್ತಾನ್ರೋ!" ಅಂತ ನಾ ಬಾಯಿ ಬಡಕೊಂಡೆ. ಕಿವುಡರ ಮುಂದ ಕಿನ್ನರಿ. ಕಡೀಕ ಶೇವಂತಾ ಸುದ್ದಾ ಅದನ್ನೇ ನಂಬಿದಳು.

ನಾ ಆಕಿನ್ನ ಶಹಾಬಜಾರಕ್ಕ ಕರಕೊಂಡು ಬಂದೆ. ಗಂಡ ಸತ್ತಾಕಿಗಿ ಒಡಪು ಇಲ್ಲ, ಅದೂ ನಮ್ಮಲ್ಲಿ ಒಂದು ರೀತಿ. ಹೆಸರು ಸೀದಾನೂ ಹೇಳಂಗಿಲ್ಲ, ಸುತ್ತಿ ಬಳಸಿಯೂ ಹೇಳಂಗಿಲ್ಲ. ಆಕಿ ದಿನಾ ಗ್ವಾಡಿಗಿ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಕುಂಡರತಿದ್ದಳು. ಊಟಕ್ಕ ಕರದ್ರೂ ಕಣ್ಣು ಬಿಡತಿದ್ದಿಲ್ಲ. ಒಂದಿನ ತಾಳಲಾರದ ಬೈದೆ. "ಎಷ್ಟು ದಿನ ಹಿಂಗ? ಕಣ್ಣು ಬಿಡು ಅಂತೀನಿ!"

"ಬಿಟ್ರ ಏನರೆ ಕಾಣ್ತದ ಅಕ್ಕಾ. ಕಂಡ್ರ ಅವರ ಹೆಸರಿಗಿ ದಾರಿ ಸಿಗ್ತದ. ಕೊಡ ಕಂಡ್ರೂ ಸಿಗ್ತದ, ಮೊಳಿ ಕಂಡ್ರೂ ಸಿಗ್ತದ. ಕೂಡಸೂದು ಕಲಿಸಿದಿ. ಬಿಡಸೂದು ಜರಾ ಕಲಸು."

ನನಗ ಅದು ಬರ್ತಿದ್ದಿಲ್ರಿ. ಯಾರಿಗಿ ಬರ್ತದ?

ಆದ್ರೂ ಗಲ್ಲ ಹಿಡದು, "ನನ್ನ ಮುಖ ನೋಡು, ಬ್ಯಾರೆ ಏನೂ ನೋಡಬ್ಯಾಡ" ಅಂದೆ. ಮೆಲ್ಲಕ ಕಣ್ಣು ಬಿಟ್ಟಳು. ಆಗ ನೆನಪಾಯ್ತು ನನಗ, ಬಾಜೂಕೇ ಸ್ಟೋವು, ಅದರ ಮುಂದ ಪಿನ್ನು. ಗಡಬಡಿಸಿ ಸೆರಗು ಎಳದು ಪಿನ್ನಿನ ಮ್ಯಾಲ ಮುಚ್ಚಿದೆ.

ಆಕಿ ಸೆರಗು ನೋಡಿದಳು. ತುಟಿ ಅಲುಗಾಕತ್ತವು.

"ಈಗ ಸೆರಗಿನ ಮ್ಯಾಲ ಬಂತಕ್ಕಾ" ಅಂದಳು.